ನೊಗಾಲೆಸ್‌ಗೆ ಹೊರಡುವ ಮುಂಚೆ ಪಾಸ್‌ಪೋರ್ಟ್ ತೆಗೆದು ನೋಡಿ

ಜನವರಿಯಲ್ಲಿ ಅಪ್ಪ ಹಾಸನದಿಂದ ಅಮೆರಿಕದ ಫೀನಿಕ್ಸಿಗೆ ಬಂದಿದ್ದರು. ಗ್ರ್ಯಾಂಡ್ ಕ್ಯಾನ್ಯನ್ ಆಯ್ತು, ಸೆಡೋನಾ ಆಯ್ತು. ಮಗಳಿಗೆ ಸ್ಕೂಲಿನಲ್ಲಿ ವಲಸೆ ಬಗ್ಗೆ ಪ್ರಾಜೆಕ್ಟ್ ಬೇರೆ ಇತ್ತು. 'ಟೀವೀಲಿ ದಿನಾ ತೋರಿಸ್ತಾರಲ್ಲ, ಆ ಗೋಡೇನೇ ನೋಡ್ಕೊಂಡು ಬರೋಣ ಕಣೋ' ಅಂದರು ಅಪ್ಪ. ಅಮೆರಿಕ-ಮೆಕ್ಸಿಕೋ ಗಡಿಯ ಗೋಡೆ ಅದು. ಗೋಡೆಯ ಎರಡೂ ಕಡೆ ಇರುವ ನೊಗಾಲೆಸ್ ಊರಿಗೆ ಮೂವರೂ ಎರಡು ದಿನಕ್ಕೆ ಹೊರಟೆವು.

ನೀವೂ ಹೋಗುವುದಾದರೆ ಮೊದಲು ಕಾಗದಪತ್ರ ನೋಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇದ್ದರೂ ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ, ಇಲ್ಲವೇ ಗ್ರೀನ್ ಕಾರ್ಡ್ ಇದ್ದರೆ, ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಆದರೆ ಎಚ್-1ಬಿ ಅನ್ನುವ ಕೆಲಸದ ವೀಸಾದವರು ಹುಷಾರು. ಅಮೆರಿಕದಲ್ಲಿರುವ ಅನುಮತಿ ಮುಂದುವರಿಸಿದ ಪತ್ರ (ಐ-797) ಹೊಸದಾಗಿ ಬಂದಿದ್ದು, ಪಾಸ್‌ಪೋರ್ಟಿನಲ್ಲಿರುವ ವೀಸಾದ ಅವಧಿ ಮುಗಿದಿದ್ದರೆ ಈ ಸವಲತ್ತು ಸಿಗುವುದಿಲ್ಲ. ಎಫ್-1 ವೀಸಾದಲ್ಲಿ ಓದುವ ಮಕ್ಕಳು ಕಾಲೇಜು ಕೊಡುವ ಐ-20 ಪತ್ರದ ಮೇಲೆ ಟ್ರಾವೆಲ್ ಸಿಗ್ನೇಚರ್ ಹಾಕಿಸಿಕೊಳ್ಳಿ. ನಿಯಮ ಆಗಾಗ ಬದಲಾಗುತ್ತೆ, ಹೊರಡುವ ವಾರ ಇನ್ನೊಮ್ಮೆ ನೋಡಿ.

ಹೋಗುವುದಕ್ಕೆ ನವೆಂಬರಿನಿಂದ ಮಾರ್ಚ್ ಒಳ್ಳೆಯದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ.

ನೇರ ಗೋಡೆಗೆ ಹೋಗಬೇಡಿ, ಮೊದಲ ದಿನ ಮರುಭೂಮಿಗೆ ಕೊಡಿ. ಟೂಸಾನಿನಲ್ಲಿ 2000ದಲ್ಲಿ ಶುರುವಾದ ಹ್ಯೂಮೇನ್ ಬಾರ್ಡರ್ಸ್ ಅನ್ನುವ ಸಂಸ್ಥೆ, ಗಡಿ ದಾಟಿ ನಡೆದು ಬರುವವರಿಗೆ ಅಂತ ಮರುಭೂಮಿಯಲ್ಲಿ ನೀರಿನ ಡ್ರಮ್ ಇಡುತ್ತದೆ. ದೂರದಿಂದ ಕಾಣಲಿ ಅಂತ ಉದ್ದದ ಕಂಬಕ್ಕೆ ನೀಲಿ ಬಾವುಟ. ಮೊದಲೇ ಬರೆದು ಕೇಳಿಕೊಂಡಿದ್ದರಿಂದ ಅವರ ಲಾರಿ ಜೊತೆ ಹೋಗುವ ಅವಕಾಶ ಸಿಕ್ಕಿತು. 1994ರಿಂದ ಸರ್ಕಾರ ಊರುಗಳ ಹತ್ತಿರ ಗಡಿ ಬಿಗಿ ಮಾಡುತ್ತಾ ಬಂತು. ಜನ ಬರುವುದು ನಿಲ್ಲಲಿಲ್ಲ, ಮರುಭೂಮಿ ಕಡೆ ತಿರುಗಿದರು. ಸಂಸ್ಥೆಯ ನಕ್ಷೆಯಲ್ಲಿ ಒಂದೊಂದು ಹೆಣ ಸಿಕ್ಕ ಜಾಗಕ್ಕೂ ಒಂದು ಕೆಂಪು ಚುಕ್ಕೆ. 4,000ಕ್ಕೂ ಜಾಸ್ತಿ ಇವೆ. 2019ರ ಜೂನ್‌ನಲ್ಲಿ ಗಡಿಯ ಲ್ಯೂಕ್‌ವಿಲ್ ಊರಿನ ಹತ್ತಿರ ಪಂಜಾಬಿನ ಆರು ವರ್ಷದ ಹುಡುಗಿಯೊಬ್ಬಳು ಇದೇ ಮರುಭೂಮಿಯ ಬಿಸಿಲಿಗೆ ಸತ್ತಿದ್ದಳು. ಇದನ್ನು ಹೇಳಿದಾಗ ಮಗಳು ನಕ್ಷೆ ಮಡಚಿ ನನ್ನ ಕೈಗೆ ಕೊಟ್ಟಳು.

ಟೂಸಾನಿನಿಂದ ನೊಗಾಲೆಸ್‌ಗೆ ಐ-19 ರಸ್ತೆ, ನೂರು ಕಿಲೋಮೀಟರ್ ಚಿಲ್ಲರೆ. ಅಮೆರಿಕದಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಬರೆದಿರುವ ಹೆದ್ದಾರಿ ಇದು. 'ಅಂತೂ ಅರ್ಥ ಆಗೋ ಬೋರ್ಡ್ ಸಿಕ್ತು' ಅಂತ ಅಪ್ಪ ದಾರಿಯುದ್ದಕ್ಕೂ ಓದಿದರು.

ಕಾರು ಅಮೆರಿಕದ ಕಡೆಯೇ ಪಾರ್ಕ್ ಮಾಡಿ, ನಡೆದು ದಾಟಿ. ಬಾಡಿಗೆ ಕಾರಿಗೆ ಮೆಕ್ಸಿಕೋದ ಇನ್ಶೂರೆನ್ಸ್ ತಾಪತ್ರಯ, ಮೇಲೆ ವಾಪಸ್ ಬರುವ ಕ್ಯೂ. ಆಚೆ ಕಾಲಿಟ್ಟ ಕೂಡಲೇ ಸಾಲು ಸಾಲು ಹಲ್ಲಿನ ಡಾಕ್ಟರು, ಔಷಧಿ ಅಂಗಡಿ. ಅಮೆರಿಕದ ಮುದುಕರು ಕಡಿಮೆ ಖರ್ಚಿಗೆ ಹಲ್ಲು ಕಟ್ಟಿಸಿಕೊಳ್ಳಲು ಇಲ್ಲಿಗೆ ಬರುತ್ತಾರೆ. ಗೋಡೆ ಅಂದರೆ ಕಲ್ಲಿನದಲ್ಲ, ತುಕ್ಕಿನ ಬಣ್ಣದ ಎತ್ತರದ ಉಕ್ಕಿನ ಕಂಬಗಳ ಸಾಲು. ಗುಡ್ಡ ಹತ್ತಿ ಇಳಿದು ಹೋಗುತ್ತೆ. ಪಕ್ಕದ ರಸ್ತೆಯಲ್ಲಿ ಒಬ್ಬ ಹುಡುಗನ ಚಿತ್ರ ಇದೆ. 2012ರ ಅಕ್ಟೋಬರ್‌ನಲ್ಲಿ ಕಂಬಗಳ ಸಂದಿಯಿಂದ ಅಮೆರಿಕದ ಗಡಿ ಪೊಲೀಸ್ ಹಾರಿಸಿದ ಗುಂಡಿಗೆ ಸತ್ತವನು, 16 ವರ್ಷ. ಅಲ್ಲಿ ಸೆಲ್ಫಿ ಬೇಡ.

ಮಧ್ಯಾಹ್ನ ಕೀನೋ ಬಾರ್ಡರ್ ಇನಿಶಿಯೇಟಿವ್‌ನ ಕೇಂದ್ರಕ್ಕೆ ಹೋದೆವು. 2009ರಲ್ಲಿ ಶುರುವಾದದ್ದು. ವಲಸೆ ಬಂದವರಿಗೆ, ಅಮೆರಿಕದಿಂದ ಹೊರಹಾಕಿಸಿಕೊಂಡವರಿಗೆ ಇಲ್ಲಿ ಊಟ ಹಾಕುತ್ತಾರೆ. ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ, ನಾವು ಒಂದೂವರೆ ತಿಂಗಳು ಮೊದಲೇ ಬರೆದಿದ್ದೆವು. ಅನ್ನ, ಬೇಯಿಸಿದ ಕಾಳು, ತೋರ್ತಿಯಾ ಅನ್ನುವ ರೊಟ್ಟಿ. ನಾವು ತಟ್ಟೆ ಹಂಚಿದೆವು. 'ಯಾಕೆ ಬಂದ್ರಿ' ಅಂತ ಯಾರನ್ನೂ ಕೇಳಬೇಡಿ. ಅವರೇ ಹೇಳಿದರೆ ಕೇಳಿಸಿಕೊಳ್ಳಿ. ಫೋನು ಜೇಬಿನಲ್ಲೇ ಇರಲಿ.

ಅಪ್ಪ ಮಾತ್ರ ಎಲ್ಲರ ಕಾಲು ನೋಡುತ್ತಿದ್ದರು. ಒಬ್ಬ ನಡುವಯಸ್ಸಿನವನ ಶೂಗೆ ಲೇಸೇ ಇಲ್ಲ. ನಡೆದರೆ ಹಿಮ್ಮಡಿ ಹೊರಗೆ ಬರುತ್ತಿತ್ತು. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಬೆಲ್ಟು, ಒಂದು ಅಂಗಿ. ಬಂಧನದಲ್ಲಿಡುವಾಗ ಲೇಸು ಕಿತ್ತುಕೊಳ್ಳುತ್ತಾರಂತೆ, ಗಡಿಯಾಚೆ ಬಿಡುವಾಗಲೂ ಹಾಗೇ ಬಿಡುತ್ತಾರಂತೆ. 'ನಮ್ಮ ಸಕಲೇಶಪುರದ ತೋಟಗಳಿಗೆ ಅಸ್ಸಾಂನವರು ಬರ್ತಾರಲ್ಲ, ಅವರದ್ದೂ ಇಷ್ಟೇ ಸಾಮಾನು' ಅಂದರು ಅಪ್ಪ. ಏನಾದರೂ ಒಯ್ಯುವ ಮನಸ್ಸಿದ್ದರೆ ಏನು ಬೇಕು ಅಂತ ಮೊದಲು ಕೇಳಿ. ಹಳೇ ಬಟ್ಟೆ ಸುರಿಯಬೇಡಿ. ಶೂ ಲೇಸ್, ಕಾಲುಚೀಲ ಬೇಕಾ ಅಂತ ಖಂಡಿತ ವಿಚಾರಿಸಿ.

ವಾಪಸ್ ಬರುವ ಕ್ಯೂಗೆ ಎರಡು ಗಂಟೆ ಇಟ್ಟುಕೊಳ್ಳಿ. ನಮ್ಮ ಸರದಿ ಬಂದ ಮೇಲೆ ಎರಡು ನಿಮಿಷವೂ ಆಗಲಿಲ್ಲ. ಗಡಿ ಮುಗಿಯಿತು ಅಂದುಕೊಂಡು ಪಾಸ್‌ಪೋರ್ಟ್‌ಗಳನ್ನು ಬ್ಯಾಗಿಗೆ ಹಾಕಿ ಡಿಕ್ಕಿಗೆ ಎಸೆದೆ. ಅದೇ ನಾನು ಮಾಡಿದ ತಪ್ಪು. ಟೂಬಾಕ್ ಅನ್ನುವ ಊರು ದಾಟಿದ ಮೇಲೆ ಹೆದ್ದಾರಿಯಲ್ಲೇ ಇನ್ನೊಂದು ತಪಾಸಣೆ ಇದೆ. ಗಾಡಿ ಪಕ್ಕಕ್ಕೆ ಹಾಕಿಸಿ, ಡಿಕ್ಕಿ ತೆಗೆಸಿ, ನಾನು ಬ್ಯಾಗ್ ತಡಕಾಡುತ್ತಿದ್ದರೆ ಅಪ್ಪ ಕಿಟಕಿ ಇಳಿಸಿ ಅಂಗಿ ಜೇಬಿನಿಂದ ತಮ್ಮ ಪಾಸ್‌ಪೋರ್ಟ್ ತೆಗೆದು ಕೊಟ್ಟರು. ಕ್ಯೂನಲ್ಲಿ ನಾನು ಕೇಳಿದಾಗಲೇ 'ನನ್ನದು ನನ್ನ ಹತ್ರಾನೇ ಇರ್ಲಿ' ಅಂದಿದ್ದರು.