ಫ್ರೀಡ್‌ಮನ್ ನುಡಿಸಿದ ನಾಕ್ಟರ್ನ್ ಕೇಳಿದ ಸಂಜೆ

ಲಂಡನ್ನಿನಲ್ಲಿ ಪಿಯಾನೊ ಕಲಿಸುವ ಗೆಳತಿಯೊಬ್ಬರ ಮನೆಯಲ್ಲಿ ಒಂದು ಭಾನುವಾರ ಸಂಜೆ ನಾವು ಕೆಲವರು ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಲು ಸೇರಿದ್ದೆವು. ಆಯ್ಕೆಯನ್ನು ನನಗೆ ಬಿಟ್ಟಿದ್ದರಿಂದ, ಹಳೆಯ ಪಿಯಾನೊವಾದಕ ಇಗ್ನಾಜ್ ಫ್ರೀಡ್‌ಮನ್ 1936ರಲ್ಲಿ ನುಡಿಸಿದ ಸಂಗೀತಕಾರ ಶೊಪ್ಯಾನನ ಇ ಫ್ಲ್ಯಾಟ್ ಮೇಜರ್ ನಾಕ್ಟರ್ನ್ (ರಾತ್ರಿಯ ಭಾವದ ಪಿಯಾನೊ ಕೃತಿ), ಅಂದರೆ ಅವನ 55ನೆಯ ಪ್ರಕಟಿತ ಸಂಖ್ಯೆಯ (ಓಪಸ್ 55) ಎರಡನೆಯದನ್ನು, ಮೊದಲು ಕೇಳಿಸಿದೆ.

ಸ್ವರಲಿಪಿಯನ್ನು ತೊಡೆಯ ಮೇಲೆ ಹರಡಿಕೊಂಡು ಕೇಳುತ್ತಿದ್ದ ಗೆಳತಿ ಬಹುಬೇಗ ತಲೆಯೆತ್ತಿದರು. ಎಡಗೈಯ ಮಂದ್ರಸ್ವರ ಮೊದಲು ಮೊಳಗಿ, ಬಲಗೈಯ ಸ್ವರ ಒಂದಿಷ್ಟು ತಡೆದು ಬರುತ್ತಿತ್ತು. "ಎರಡನ್ನೂ ಒಟ್ಟಿಗೆ ನುಡಿಸಬೇಕೆಂದು ಇಲ್ಲಿ ಬರೆದಿದೆ. ನನ್ನ ವಿದ್ಯಾರ್ಥಿಗಳು ಹೀಗೆ ಮಾಡಿದರೆ ತಿದ್ದುತ್ತೇನೆ" ಎಂದರು. ಅವರ ಬಳಿ ಕಲಿಯುವ ಹುಡುಗನೊಬ್ಬ ಅಲ್ಲಿಯೇ ಇದ್ದ. ಅವನು, "ಬಲಗೈಯಲ್ಲಿ ಇಬ್ಬರು ಹಾಡುತ್ತಿರುವ ಹಾಗಿದೆ, ಇನ್ನೊಮ್ಮೆ ಕೇಳೋಣವೇ?" ಎಂದ. ಅವನ ಕಿವಿ ಸರಿಯಾಗಿಯೇ ಹಿಡಿದಿತ್ತು. ಆ ಕೃತಿಯಲ್ಲಿ ಬಲಗೈಯೊಂದೇ ಎರಡು ದನಿಗಳನ್ನು ಹೊತ್ತಿರುತ್ತದೆ. ಫ್ರೀಡ್‌ಮನ್ ಅವುಗಳ ನಡುವೆ ಬಿಡುವ ಕೂದಲೆಳೆಯ ಅಂತರದಿಂದಲೇ ಒಂದು ಇನ್ನೊಂದರಲ್ಲಿ ಕರಗಿಹೋಗದೆ ಉಳಿಯುತ್ತದೆ.

ಫ್ರೀಡ್‌ಮನ್ ಅವರಂತೆಯೇ ವಿಯೆನ್ನಾದಲ್ಲಿ ಲೆಶೆಟಿಟ್ಸ್ಕಿ ಎಂಬ ಗುರುಗಳ ಬಳಿ ಕಲಿತ ಪಿಯಾನೊವಾದಕ ಪಡೆರೆವ್ಸ್ಕಿಯವರನ್ನೂ ಕೇಳಿದೆವು. ಅಲ್ಲಿ ನಾನು ಗೆಳತಿಯ ಪಕ್ಷ. ಅವರಲ್ಲಿ ಕೈಗಳು ಬೇರೆಯಾಗುವುದು ಅನೇಕ ಸಲ ಬರಿಯ ರೂಢಿಯೆನಿಸುತ್ತದೆ.

ನಿಜವಾದ ಚರ್ಚೆ ಎದ್ದದ್ದು, ಸ್ವತಃ ಸಂಗೀತಕಾರರೂ ಆಗಿದ್ದ ಪಿಯಾನೊವಾದಕ ರಾಖ್ಮನಿನೊಫ್ 1930ರಲ್ಲಿ ಮುದ್ರಿಸಿದ, ಶೊಪ್ಯಾನನ ಬಿ ಫ್ಲ್ಯಾಟ್ ಮೈನರ್ ಸೊನಾಟಾದ (ಹಲವು ಭಾಗಗಳ ದೊಡ್ಡ ಕೃತಿ) ಶವಯಾತ್ರೆಯ ಭಾಗದಲ್ಲಿ. ನಡುವಿನ ಮೃದುವಾದ ಗೀತೆ ಮುಗಿದ ಮೇಲೆ ಅವರು ಬರೆದದ್ದನ್ನು ಬದಿಗಿಟ್ಟು ಪೂರ್ಣ ಬಲದಿಂದ ಮರಳುತ್ತಾರೆ, ಬಳಿಕ ಕೊನೆಯವರೆಗೂ ಕುಗ್ಗುತ್ತ ಹೋಗುತ್ತಾರೆ. ಮೆರವಣಿಗೆ ನಮ್ಮೆದುರು ಹಾದು ದೂರವಾದಂತೆ ಕೇಳುತ್ತದೆ. "ಇದು ಶೊಪ್ಯಾನ್ ಅಲ್ಲ, ರಾಖ್ಮನಿನೊಫ್" ಎಂದು ಹಿರಿಯರೊಬ್ಬರು ಬೇಸರದಿಂದಲೇ ಹೇಳಿದರು. ಅವರ ಬೇಸರವನ್ನು ನಾನು ಗೌರವಿಸುತ್ತೇನೆ, ಆದರೆ ಒಪ್ಪಲಾರೆ. ಕೃತಿಯ ಒಟ್ಟು ಆಕಾರವನ್ನು ಒಂದೇ ನೋಟದಲ್ಲಿ ಕಂಡವನಿಗಲ್ಲದೆ ಅಂಥ ಬದಲಾವಣೆ ದಕ್ಕುವುದಿಲ್ಲ.

ಹೀಗೆ ಕೇಳಲು ನಮಗೆ ಕಷ್ಟವಾಗುವುದಕ್ಕೆ ಕಾರಣ ಅಭಿರುಚಿಯೊಂದೇ ಅಲ್ಲವೆಂದು ನಾನು ಅಂದು ವಾದಿಸಿದೆ. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಗಳ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಹೆಚ್ಚೆಂದರೆ ನಾಲ್ಕೈದು ನಿಮಿಷ. ತಪ್ಪಿದರೆ ಇಡೀ ಬದಿಯನ್ನು ಮತ್ತೆ ನುಡಿಸಬೇಕಿತ್ತು, ಆದ್ದರಿಂದ ಆ ಕಾಲದ ಪಿಯಾನೊವಾದಕ ಕೊರ್ಟೊ ಅವರ ತಪ್ಪು ಸ್ವರಗಳು ಅವರ ಮುದ್ರಿಕೆಗಳಲ್ಲಿ ಹಾಗೆಯೇ ಉಳಿದಿವೆ. ಎರಡನೆಯ ಮಹಾಯುದ್ಧದ ನಂತರ ಟೇಪನ್ನು ಕತ್ತರಿಸಿ ಜೋಡಿಸಲು ಸಾಧ್ಯವಾಯಿತು. ಅಂಥ ಮುದ್ರಿಕೆಗಳಲ್ಲಿ ಬೆಳೆದ ಕಿವಿಗೆ ಒಂದು ತಪ್ಪೂ ಇಲ್ಲದ ನುಡಿಸಾಣಿಕೆಯೇ ಕರ್ತೃವಿಗೆ ತೋರುವ ನಿಷ್ಠೆಯೆಂದು ಅನಿಸತೊಡಗಿತು.

ಗೆಳತಿ ಪೂರ್ತಿ ಒಪ್ಪಲಿಲ್ಲ. ಮೊದಲು ಒಟ್ಟಿಗೆ ನುಡಿಸಲು ಬರಬೇಕು, ಬಿಡಿಸುವುದು ಆಮೇಲೆ ಎಂಬುದು ಅವರ ನಿಲುವು. "ಎಲ್ಲಿ ಬಿಡಿಸಬೇಕೆಂದು ತಿಳಿಯುವುದು ಹೇಗೆ?" ಎಂದು ಹುಡುಗ ಕೇಳಿದಾಗ ನಾವು ನಾಕ್ಟರ್ನ್ ಅನ್ನು ಮತ್ತೆ ಹಾಕಿ, ಈ ಬಾರಿ ಸ್ವರಲಿಪಿಯನ್ನು ಅವನ ಕೈಗೇ ಕೊಟ್ಟು, ಫ್ರೀಡ್‌ಮನ್ ಎರಡು ಕೈಗಳನ್ನು ಒಟ್ಟಿಗೇ ಇಳಿಸುವ ಜಾಗಗಳನ್ನು ಗುರುತು ಹಾಕಲು ಹೇಳಿದೆವು.