ಹೆಸರು ನೋಡಿ ಡಿಎಲ್‌ಎಲ್ ಅಳಿಸಬೇಡಿ

ಡಿಎಲ್‌ಎಲ್ ಎಂದರೆ ವಿಂಡೋಸ್ ಕಂಪ್ಯೂಟರಿನಲ್ಲಿ ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಕೋಡ್ ಇರುವ ಫೈಲು. ಅವೆನ್ಯೂ ರಸ್ತೆಯ ಡಿಟಿಪಿ ಅಂಗಡಿಯಿರಲಿ, ಚಿಕ್ಕಪೇಟೆಯ ಬಿಲ್ಲಿಂಗ್ ಕೌಂಟರಿರಲಿ, ‘ವಿಸಿರನ್‌ಟೈಮ್140.ಡಿಎಲ್‌ಎಲ್ ಸಿಗಲಿಲ್ಲ’ ಎಂಬ ಎರರ್ ಬಂದೊಡನೆ ಆ ಹೆಸರನ್ನು ಗೂಗಲ್ ಮಾಡಿ, ಯಾವುದೋ ಸೈಟಿನಿಂದ ಅದೊಂದೇ ಫೈಲ್ ಇಳಿಸಿ ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿಗೆ ಹಾಕುವವರಿದ್ದಾರೆ. ಇಲ್ಲದ ವೈರಸ್ಸಿಗೆ ಮಣೆ ಹಾಕಿ ಕೂರಿಸಿದ ಹಾಗೆ. ಆ ಫೈಲು ಬರುವುದು ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಫೈಲುಗಳ ಕಟ್ಟಿನ ಜೊತೆ. ಮೈಕ್ರೋಸಾಫ್ಟ್ ಸೈಟಿನಿಂದಲೇ ಅದನ್ನು ಇಳಿಸಿಕೊಳ್ಳಿ. ವಿಂಡೋಸ್ 64 ಬಿಟ್‌ನದಾದರೂ ಎಕ್ಸ್86 (32 ಬಿಟ್), ಎಕ್ಸ್64 (64 ಬಿಟ್) ಎರಡನ್ನೂ ಹಾಕಿ. ಸಾಫ್ಟ್‌ವೇರ್ ಹಳೆಯ 32 ಬಿಟ್‌ನದಾಗಿದ್ದರೆ ಅದಕ್ಕೆ ಬೇಕಾದ್ದು ಎಕ್ಸ್86.

ಒಂದೇ ಹೆಸರಿನ ಡಿಎಲ್‌ಎಲ್ ಎರಡು ಕಡೆ ಕಂಡರೆ ಒಂದು ನಕಲಿ ಎಂದುಕೊಳ್ಳಬೇಡಿ. 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32ರಲ್ಲಿರುವುದು 64 ಬಿಟ್ ಫೈಲು, ಸಿಸ್‌ವಾವ್64 ಎಂಬ ಇನ್ನೊಂದು ಫೋಲ್ಡರಿನಲ್ಲಿರುವುದು 32 ಬಿಟ್. ಹೆಸರಿಗೂ ಒಳಗಿರುವುದಕ್ಕೂ ಉಲ್ಟಾ! ಹಳೆಯ ಪ್ರೋಗ್ರಾಮುಗಳು ಕೆಡದಿರಲೆಂದು ಸಿಸ್ಟಮ್32 ಎಂಬ ಹೆಸರನ್ನು ಹಾಗೇ ಉಳಿಸಿಕೊಂಡಿದ್ದಾರೆ. ಅಲ್ಲಿಯದನ್ನು ಇಲ್ಲಿಗೆ ಕಾಪಿ ಮಾಡಿದರೆ 0ಎಕ್ಸ್‌ಸಿ000007ಬಿ ಎರರ್ ಬರಬಹುದು.

ಓಡುತ್ತಿರುವ ಪ್ರೋಗ್ರಾಮಿನ ಮೇಲೆ ಅನುಮಾನವಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಓಪನ್ ಫೈಲ್ ಲೊಕೇಶನ್ ಒತ್ತಿ. ವಿಂಡೋಸ್ ಸೇವೆಗಳನ್ನು ಓಡಿಸುವ ಎಸ್‌ವಿಸಿಹೋಸ್ಟ್ ಎಂಬ ಫೈಲು ಟೆಂಪ್ ಫೋಲ್ಡರಿನಲ್ಲೋ ಆ್ಯಪ್‌ಡೇಟಾ ಫೋಲ್ಡರಿನಲ್ಲೋ ಕೂತಿದ್ದರೆ ಅದು ವಿಂಡೋಸ್‌ನದಲ್ಲ. ‘ಎಸ್‌ಸಿವಿಹೋಸ್ಟ್’ ಎಂದು ಅಕ್ಷರ ಅದಲುಬದಲಾಗಿರುವುದೂ ಉಂಟು. ಆದರೆ ಅಡ್ಮಿನ್ ಅನುಮತಿ ಸಿಕ್ಕ ಮಾಲ್‌ವೇರ್ ಸಿಸ್ಟಮ್32ರೊಳಗೂ ಸೇರಬಲ್ಲದು, ಹಾಗಾಗಿ ಫೈಲು ಯಾರದೆಂದು ತೋರಿಸುವ ಡಿಜಿಟಲ್ ಸಹಿಯನ್ನೂ ನೋಡಿ. ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಟ್ಯಾಬ್ ಇಲ್ಲದಿದ್ದರೆ ಗಾಬರಿ ಬೇಡ. ಎಷ್ಟೋ ಅಸಲಿ ಫೈಲುಗಳ ಸಹಿ ಬೇರೆ ಕ್ಯಾಟಲಾಗ್ ಫೈಲಿನಲ್ಲಿರುತ್ತದೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಕೊಡುವ ಗೆಟ್-ಆಥೆಂಟಿಕೋಡ್‌ಸಿಗ್ನೇಚರ್ ಕಮಾಂಡು ಅದನ್ನೂ ಹುಡುಕಿ ‘ವ್ಯಾಲಿಡ್’ ಎನ್ನುತ್ತದೆ.

ವಿಂಡೋಸ್‌ನ ಸ್ವಂತ ಫೈಲೇ ಕೆಟ್ಟಿದ್ದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಮೊದಲು ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್, ಆಮೇಲೆ ಎಸ್‌ಎಫ್‌ಸಿ /ಸ್ಕ್ಯಾನ್‌ನೌ ಎಂಬ ರಿಪೇರಿ ಕಮಾಂಡುಗಳನ್ನು ಕೊಡಿ. ಈ ಕ್ರಮಕ್ಕೆ ಕಾರಣವಿದೆ: ಎಸ್‌ಎಫ್‌ಸಿ ಒಳ್ಳೆಯ ಪ್ರತಿ ತರುವುದು ವಿಂಡೋಸ್ ತನ್ನ ಫೈಲುಗಳ ಪ್ರತಿ ಇಟ್ಟುಕೊಳ್ಳುವ ಕಾಂಪೊನೆಂಟ್ ಸ್ಟೋರ್‌ನಿಂದ, ಅದೇ ಕೆಟ್ಟಿದ್ದರೆ ರಿಪೇರಿ ಆಗುವುದಿಲ್ಲ; ಅದನ್ನು ಸರಿಪಡಿಸುವುದು ಡಿಐಎಸ್‌ಎಂ. ಡಿಐಎಸ್‌ಎಂಗೆ ಸಾಮಾನ್ಯವಾಗಿ ಇಂಟರ್ನೆಟ್ ಬೇಕು. ಶೇಕಡಾವಾರು ಅಂಕಿ ಒಂದೇ ಕಡೆ ನಿಂತರೂ ಮುಚ್ಚಬೇಡಿ; ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋಗುವ ಹೊತ್ತಿನಲ್ಲಿ ಶುರು ಮಾಡಲೂಬೇಡಿ. ಅಂದಹಾಗೆ, ಎಸ್‌ಎಫ್‌ಸಿ ವೈರಸ್ ಹುಡುಕುವುದಿಲ್ಲ. ಅದಕ್ಕೆ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಇದೆ.

ವೈರಸ್ ಕ್ಲೀನ್ ಮಾಡಿದ ಮೇಲೆ ಪ್ರತಿಸಲ ಆನ್ ಮಾಡಿದಾಗ ‘ರನ್‌ಡಿಎಲ್‌ಎಲ್’ ಎಂಬ ಡಬ್ಬಿ ಬಂದು ಮಾಡ್ಯೂಲ್ ಸಿಗಲಿಲ್ಲ ಎಂದರೆ, ಸಾಮಾನ್ಯವಾಗಿ ಫೈಲು ಹೋಗಿ ಅದನ್ನು ಕರೆಯುವ ನಮೂದು ಉಳಿದಿದೆ ಎಂದರ್ಥ. ಆ ಡಿಎಲ್‌ಎಲ್ ಮತ್ತೆ ತರಲು ಹೋಗಬೇಡಿ. ಕಂಪ್ಯೂಟರ್ ಆನ್ ಆದಾಗ ತಾನೇ ಶುರುವಾಗುವುದನ್ನೆಲ್ಲ ತೋರಿಸುವ ಮೈಕ್ರೋಸಾಫ್ಟ್‌ನದೇ ಆಟೋರನ್ಸ್ ತೆರೆದು, ಆ ಹೆಸರಿನ ಸಾಲನ್ನು ಹುಡುಕಿ, ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ಡಬ್ಬಿ ಬರದಿದ್ದರೆ ಸಾಲನ್ನು ಅಳಿಸಬಹುದು.