ಒಂದೇ ಬೆಟ್ಟ, ಗಂಟೆಗೊಂದು ಹಿಮ

ಏಪ್ರಿಲ್ 26, ಶನಿವಾರ
ಸಿಯಾಟಲ್, ರಾತ್ರಿ

ಮೂಗಿನ ತುದಿ ಸುಟ್ಟಿದೆ, ತೊಡೆ ಹಿಡಿದುಕೊಂಡಿದೆ. ನಿದ್ದೆ ಬರುವ ಮೊದಲು ಬರೆದುಬಿಡುತ್ತೇನೆ.

ಇವತ್ತು ಸಿಯಾಟಲ್ ಕಡೆಯ ಹಿಮದ ಬೆಟ್ಟ ಮೌಂಟ್ ರೇನಿಯರ್‌ನಲ್ಲಿ ಸ್ಕೀ. ನಾನು, ಚಿಕ್ಕಮಗಳೂರಿನ ಗೆಳೆಯ, ಅವನ ಹೆಂಡತಿ (ನನಗೆ ಅತ್ತಿಗೆ), ಜೊತೆಗೆ ಆಫೀಸಿನ ಹಿರಿಯರೊಬ್ಬರು. ಅವರು ಇಲ್ಲಿಯವರೇ, ಈ ಬೆಟ್ಟದಲ್ಲೇ ಸ್ಕೀ ಮಾಡುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡವರು. ರಸ್ತೆ ಒಣಗಿತ್ತು. ಆದರೂ ಮೇ 1ರ ತನಕ ಇಲ್ಲಿ ಎಲ್ಲ ಗಾಡಿಯಲ್ಲೂ ಟೈರಿನ ಚೈನ್ ಇರಲೇಬೇಕು, ಹಾಗಾಗಿ ಅದನ್ನೂ ಹೊತ್ತುಕೊಂಡೇ ಬಂದೆವು.

ಗಾಡಿ ನಿಲ್ಲಿಸುವ ಪ್ಯಾರಡೈಸ್ ಇರುವುದೇ 5,400 ಅಡಿಯಲ್ಲಿ. 1971-72ರ ಚಳಿಗಾಲದಲ್ಲಿ ಇಲ್ಲಿ 1,122 ಇಂಚು ಹಿಮ ಬಿದ್ದಿತ್ತು. ಲಿಫ್ಟ್ ಗಿಫ್ಟ್ ಏನೂ ಇಲ್ಲ. ಸ್ಕೀ ಅಡಿಗೆ ಸ್ಕಿನ್ ಅನ್ನುವ ರೋಮದ ಪಟ್ಟಿ ಅಂಟಿಸಿಕೊಂಡು ನಾವೇ ಹತ್ತಬೇಕು. ಅದು ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಹಿಡಿದು ನಿಲ್ಲಿಸುತ್ತದೆ. ಹೊರಡುವ ಮುಂಚೆ ನಾಲ್ವರ ಬೀಕನ್ (ಹಿಮ ಕುಸಿದು ಹೂತುಹೋದರೆ ಹುಡುಕಲು ಸಿಗ್ನಲ್ ಕೊಡುವ ಯಂತ್ರ) ಪರೀಕ್ಷೆ ಮಾಡಿದೆವು. ಸಲಿಕೆ, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು ಪ್ರೋಬ್ ಎಲ್ಲರ ಚೀಲದಲ್ಲೂ ಇದ್ದವು.

ರಾತ್ರಿ ಮೋಡ ಇರಲಿಲ್ಲ. ವಸಂತದಲ್ಲಿ ನಾನು ಮೊದಲು ನೋಡುವುದು ಅದನ್ನೇ. ಆಕಾಶ ತಿಳಿಯಾಗಿದ್ದರೆ ಹಿಮ ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟು ಗಟ್ಟಿಯಾಗುತ್ತದೆ. ಮೋಡ ಕವಿದಿದ್ದರೆ ಬೆಳಿಗ್ಗೆಯೇ ಕೆಸರು. ಇವತ್ತು ಎಷ್ಟು ಗಟ್ಟಿಯಾಗಿತ್ತು ಅಂದರೆ ಪನೋರಮಾ ಪಾಯಿಂಟಿನ ಏರಿನಲ್ಲಿ ಸ್ಕಿನ್ ಕಚ್ಚಲೇ ಇಲ್ಲ. ಸ್ಕೀಗೆ ಹಾಕುವ ಕ್ರಾಂಪಾನಿನ ಹಲ್ಲು ಸಿಕ್ಕಿಸಿಕೊಂಡು ಕರಕರ ಅಂತ ಹತ್ತಿದೆವು. ಅಲ್ಲಿಗೆ 6,800 ಅಡಿ. "ಮುಳ್ಳಯ್ಯನಗಿರಿ ದಾಟಿದ್ವಿ ಮಗಾ" ಅಂದ ಗೆಳೆಯ. ಪ್ರತಿ ಸಲವೂ ಅಲ್ಲಿ ನಿಂತು ಇದನ್ನೇ ಹೇಳುತ್ತಾನೆ. ಕೇಳಿಸಿಕೊಳ್ಳದೆ ಮುಂದೆ ಹೋದರೆ ಇನ್ನೊಮ್ಮೆ ಹೇಳುತ್ತಾನೆ.

ಆಮೇಲೆ ಮ್ಯೂರ್ ಸ್ನೋಫೀಲ್ಡ್. ಹತ್ತಿದಷ್ಟೂ ಮುಗಿಯದ ಬಿಳಿ ಬಯಲು. ಬಿಸಿಲಿದ್ದರೆ ಸಲೀಸು. ಮಂಜು ಕವಿದರೆ ಮಾತ್ರ ದಾರಿ ತಪ್ಪಿ ಒಂದು ಕಡೆ ನಿಸ್ಕ್ವಾಲಿ, ಇನ್ನೊಂದು ಕಡೆ ಪ್ಯಾರಡೈಸ್ ಹಿಮನದಿಯ ಬಿರುಕುಗಳ ಕಡೆ ಹೋಗಿಬಿಡಬಹುದು. ಅದಕ್ಕೇ ಆಕಾಶ ನೀಲಿ ಇದ್ದರೂ ಜಿಪಿಎಸ್ ಆನ್ ಮಾಡಿಟ್ಟಿದ್ದೆವು.

9,000 ಅಡಿ ದಾಟಿದ ಮೇಲೆ ಗಾಳಿ ಶುರು. ಗಾಳಿ ಕೊರೆದ ಗಟ್ಟಿ ದಿಣ್ಣೆಗಳು, ನಡುನಡುವೆ ಕಾಲಿಟ್ಟರೆ ಕುಸಿಯುವ ಪದರ. ಬಿಸಿಲು ಚೆನ್ನಾಗಿಯೇ ಇತ್ತು, ಆದರೆ ಆ ಗಾಳಿಗೆ ಏನೂ ಕರಗುತ್ತಿರಲಿಲ್ಲ. ಆನ್ವಿಲ್ ರಾಕ್ ಹತ್ತಿರ ಬಂಡೆಯ ಮರೆಯಲ್ಲಿ ಕೂತೆವು. ಅತ್ತಿಗೆ ಚಪಾತಿಗೆ ತುಪ್ಪ, ಚಟ್ನಿಪುಡಿ ಸವರಿ ಸುತ್ತಿಕೊಂಡು ಬಂದಿದ್ದರು. ಚಳಿಯಲ್ಲಿ ಚಿತ್ರಾನ್ನ ಕಲ್ಲಾಗುತ್ತದೆ, ಚಪಾತಿಯೇ ವಾಸಿ.

ಶಿಖರ ಹತ್ತುವವರು ತಂಗುವ ಕ್ಯಾಂಪ್ ಮ್ಯೂರ್ ಇನ್ನು ಹತ್ತಿರವೇ. 10,000 ಅಡಿ ಮೇಲಿದೆ. ಗೆಳೆಯನಿಗೆ ಅದನ್ನು ಮುಟ್ಟಲೇಬೇಕು ಅಂತ ಹಟ.

"ಇಷ್ಟು ಹತ್ತಿರ ಬಂದು ವಾಪಸ್ ಹೋಗೋದಾ?"

"ಮೇಲೆ ಏನಿದೆ ಅಂತ? ಇದೇ ದಿಣ್ಣೆ. ನೀವು ಹೋಗಿ ಬನ್ನಿ, ನಾನು ಕೆಳಗೆ ಒಳ್ಳೇ ಹಿಮದಲ್ಲಿ ಆಡ್ತಿರ್ತೀನಿ" ಅಂದರು ಅತ್ತಿಗೆ.

ಹಿರಿಯರು ಏನೂ ಹೇಳದೆ ಗಡಿಯಾರ ನೋಡಿ ಸ್ಕಿನ್ ಕಿತ್ತು ಮಡಚತೊಡಗಿದರು. ನಾನೂ ಅದನ್ನೇ ಮಾಡಿದೆ. ನನ್ನ ಲೆಕ್ಕದಲ್ಲಿ ವಸಂತದ ಸ್ಕೀಯಿಂಗ್‌ನಲ್ಲಿ ತುದಿ ಮುಟ್ಟುವುದಕ್ಕೆ ಜಾಸ್ತಿ ಬೆಲೆ ಇಲ್ಲ. ಹಿಮ ಹದಕ್ಕೆ ಬಂದಾಗ ಅದರ ಮೇಲೆ ಇರುವುದಷ್ಟೇ ಮುಖ್ಯ. ಬೇಗ ಇಳಿದರೆ ಐಸು, ತಡವಾದರೆ ಕೆಸರು. ಗೆಳೆಯ ಗೊಣಗುತ್ತಾ ಬೂಟಿನ ಬಕಲ್ ಬಿಗಿದ.

ಮೊದಲ ಐನೂರು ಅಡಿ ಹಲ್ಲು ಕಡಕಡ. ತಿರುಗಿಸುವ ಮಾತೇ ಇಲ್ಲ, ಸುಮ್ನೆ ಅಡ್ಡಡ್ಡ ಜಾರಿಕೊಂಡು ಬಂದೆವು. 9,000 ಅಡಿಗೆ ಬರುತ್ತಿದ್ದಂತೆ ಸದ್ದು ಬದಲಾಯಿತು. ತಳ ಗಟ್ಟಿ, ಮೇಲಿನ ಒಂದಿಂಚು ದಪ್ಪ ರವೆಯ ಹಾಗೆ ಸಡಿಲ. ಇದೇ ಕಾರ್ನ್. ಹಗಲು ಕರಗಿ, ರಾತ್ರಿ ಹೆಪ್ಪುಗಟ್ಟಿ, ದಿನ ದಿನ ಹಾಗೇ ಆಗಿ ಆಗಿ ಕಾಳುಕಾಳಾದ ಹಿಮ. ಸ್ಕೀ ಹೇಳಿದ ಕಡೆ ತಿರುಗುತ್ತದೆ. ಅತ್ತಿಗೆ ಕೇಕೆ ಹಾಕುತ್ತಾ ಮುಂದೆ ಹೋದರು. ಹಿರಿಯರು ಉದ್ದುದ್ದ ತಿರುವು ಹಾಕುತ್ತಾ ಎಲ್ಲೂ ನಿಲ್ಲಲಿಲ್ಲ. ಗೆಳೆಯನ ಗೊಣಗಾಟ ಯಾವಾಗ ನಿಂತಿತೋ ಗೊತ್ತಿಲ್ಲ. 7,500 ಅಡಿ ಹತ್ತಿರ ನಿಂತು, ಇನ್ನೊಂದು ರೌಂಡ್ ಹತ್ತೋಣ ಅಂದವನು ಅವನೇ! ಸ್ಕಿನ್ ಮತ್ತೆ ಅಂಟಿಸಿ ಒಂದಷ್ಟು ದೂರ ಹತ್ತಿ ಇಳಿದೆವು. ಎರಡನೇ ಸಲ ಮೆತ್ತಗಾಗಿತ್ತು. ಸಾಕು ಅಂತ ಅಲ್ಲೇ ಗೊತ್ತಾಯಿತು.

ಪನೋರಮಾ ಪಾಯಿಂಟ್ ಕೆಳಗೆ ನಿಜವಾದ ಕೆಸರು. ಬೆಳಿಗ್ಗೆ ಕ್ರಾಂಪಾನ್ ಬೇಕಾಗಿದ್ದ ಜಾಗದಲ್ಲೇ ಈಗ ಸ್ಕೀ ಮುಳುಗುತ್ತಿತ್ತು. ಕಡಿದಾದ ಮುಖದಲ್ಲಿ ಹಿಮದ ಉಂಡೆಗಳು ತಾವೇ ಉರುಳಿ ಬರುತ್ತಿದ್ದವು. ಅಂದರೆ ಒದ್ದೆ ಹಿಮ ಜಾರುವುದಕ್ಕೆ ಸಿದ್ಧವಾಗುತ್ತಿದೆ ಅಂತ. ಆ ಮುಖ ಬಿಟ್ಟು ಪಕ್ಕದ ಏಣಿನ ಮೇಲೆ, ಒಬ್ಬೊಬ್ಬರಾಗಿ, ನಡುವೆ ಜಾಗ ಬಿಟ್ಟು ಇಳಿದೆವು. ಕೆಳಗೆ ಮೂರು ಮಕ್ಕಳು ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೂತು ನಮಗಿಂತ ಚೆನ್ನಾಗಿ ಜಾರುತ್ತಿದ್ದರು.

ನನ್ನ ಸ್ಕಿನ್ ಎರಡೂ ಬಚ್ಚಲುಮನೆಯಲ್ಲಿ ನೇತಾಡುತ್ತಿವೆ. ಗೆಳೆಯನ ಮೆಸೇಜ್ ಈಗಷ್ಟೇ ಬಂತು: "ಮುಂದಿನ ಶನಿವಾರ ಮ್ಯೂರ್?" ಶುಕ್ರವಾರ ರಾತ್ರಿ ಮೋಡ ನೋಡಿ ಹೇಳ್ತೀನಿ ಅಂತ ಹಾಕಿದ್ದೇನೆ.